ಉಪ್ಪಿಲ್ಲದ ಪುಡಿ

ಡಬ್ಬದ ಹಿಂಬದಿಯ ಅಕ್ಷರ ಇಷ್ಟು ಸಣ್ಣದಿರಲಿ ಎಂದು ಯಾವ ಪುಣ್ಯಾತ್ಮ ತೀರ್ಮಾನಿಸಿದನೋ ಎಂದು ವರ್ಲೀನ್ ಟಿಬ್ಸ್ ಮೊದಲು ಗೊಣಗಿದಳು, ಆಮೇಲೆ ಓದಿದಳು. ಕಿಡ್ನಿಯ ತೊಂದರೆ ಇರುವವರು ವೈದ್ಯರನ್ನು ಕೇಳದೆ ಬಳಸಬಾರದು. ಕನ್ನಡಕ ತೆಗೆದು ಏಪ್ರನ್ನಿನ ತುದಿಯಿಂದ ಒರೆಸಿಕೊಂಡು ಮತ್ತೆ ಓದಿದಳು. ಮಾತು ಅದೇ ಇತ್ತು. ಶನಿವಾರ ಬೆಳಗಿನ ಏಳೂವರೆ, ಮೆಂಫಿಸ್ಸಿನ ನವೆಂಬರ್ ಚಳಿ ಕಿಟಕಿಯ ಸಂದಿಯಿಂದ ಒಳಗೆ ಬರುತ್ತಿತ್ತು, ಮೇಜಿನ ಮೇಲೆ ಹನ್ನೊಂದು ಖಾಲಿ ಜಾಮ್ ಶೀಶೆಗಳು ಬಾಯಿ ತೆರೆದು ಕೂತಿದ್ದವು. ಉಪ್ಪಿನ ಬದಲು ಹಾಕುವ ಈ ಬಿಳಿ ಹರಳನ್ನು ಅವಳು ಎರಡು ವರ್ಷದಿಂದ ದೊಡ್ಡ ಡಬ್ಬಗಳಲ್ಲಿ ತರುತ್ತಿದ್ದಳು. ಬೆಳ್ಳುಳ್ಳಿ ಪುಡಿ, ಈರುಳ್ಳಿ ಪುಡಿ, ಕರಿಮೆಣಸು, ಹೊಗೆಯಲ್ಲಿ ಒಣಗಿಸಿದ ಕೆಂಪು ಮೆಣಸಿನ ಪುಡಿ ಸೇರಿಸಿ ಬೋಗುಣಿಯಲ್ಲಿ ಕೈಯಿಂದಲೇ ಕಲಸಿ, ಶೀಶೆಗೆ ತುಂಬಿ, 'ವರ್ಲೀನಳ ಪುಡಿ, ಉಪ್ಪಿಲ್ಲ' ಎಂದು ದುಂಡು ಅಕ್ಷರದಲ್ಲಿ ಬರೆದು ಚೀಟಿ ಅಂಟಿಸುತ್ತಿದ್ದಳು. ಡಬ್ಬದ ಮುಂಭಾಗದಲ್ಲಿ ಪೊಟ್ಯಾಸಿಯಂ ಎಂಬ ಮಾತಿದ್ದದ್ದು ಅವಳಿಗೆ ಗೊತ್ತೇ ಇತ್ತು. ಬಾಳೆಹಣ್ಣಿನಲ್ಲಿ ಇರುವುದೂ ಅದೇ ಅಲ್ಲವೇ, ಒಳ್ಳೆಯದೇ ಅಲ್ಲವೇ. ನಿನ್ನೆ ಸಂಜೆಯವರೆಗೆ ಅದು ಒಳ್ಳೆಯ ಮಾತೇ ಆಗಿತ್ತು. ನಿನ್ನೆ ಸಂಜೆ ಲುಟ್ರಿಶಾಳ ಮಗಳು ರೋಶೆಲ್ ಆಸ್ಪತ್ರೆಯಿಂದ ಫೋನು ಮಾಡಿ, "ಅಮ್ಮನ ರಕ್ತದಲ್ಲಿ ಪೊಟ್ಯಾಸಿಯಂ ಏರಿಬಿಟ್ಟಿದೆಯಂತೆ ಆಂಟಿ, ಅದಕ್ಕೇ ಹಾರ್ಟು ನಿಂತುಹೋಗೋ ಹಾಗಾಗಿದ್ದಂತೆ, ಎಲ್ಲಿಂದ ಬಂತೋ ಅವರಿಗೂ ತಿಳೀತಿಲ್ಲ" ಎಂದಿದ್ದಳು.

ಲುಟ್ರಿಶಾ ಗುರುವಾರ ತನ್ನ ಪಾರ್ಲರಿನಲ್ಲಿ, ಗಿರಾಕಿಯ ತಲೆಗೆ ಬಿಸಿ ಬಾಚಣಿಗೆ ಹಿಡಿದಿದ್ದ ಹಾಗೆಯೇ ಕುಸಿದಿದ್ದಳು. ಗಿರಾಕಿ ಕಿವಿ ಸುಟ್ಟುಕೊಂಡು ಕಿರುಚಿದ್ದರಿಂದ ಜನ ಬೇಗ ಸೇರಿದರಂತೆ. ನಲವತ್ತು ವರ್ಷದ ಗೆಳತಿ. ಏಪ್ರಿಲ್‌ನಲ್ಲಿ ಇದೇ ಅಡುಗೆಮನೆಯಲ್ಲಿ, ಇದೇ ಕುರ್ಚಿಯಲ್ಲಿ ಕೂತು, "ಕಿಡ್ನಿ ಮೂರರಲ್ಲಿ ಒಂದು ಪಾಲು ಮಾತ್ರ ಕೆಲಸ ಮಾಡ್ತಿದೆಯಂತೆ ಕಣೆ. ಇನ್ಮೇಲೆ ನೀನು ಹೇಳಿದ್ದೇ ತಿಂತೀನಿ. ಹಂದೀನೂ ಬೇಡ, ಕೋಳೀನೂ ಬೇಡ. ಆ ಡಯಾಲಿಸಿಸ್ ಕುರ್ಚಿಗೆ ಮಾತ್ರ ನನ್ನ ಕಳಿಸ್ಬೇಡ" ಎಂದು ಕೈ ಹಿಡಿದುಕೊಂಡಿದ್ದಳು. ಅವಳ ಅಕ್ಕ ಆ ಕುರ್ಚಿಯಲ್ಲಿ ಆರು ವರ್ಷ ಕೂತು, ಕೊನೆಗೆ ಒಂದು ದಿನ ಸಾಕು ಎಂದು ಹೋಗುವುದನ್ನೇ ಬಿಟ್ಟು, ಹನ್ನೊಂದನೆಯ ದಿನ ತೀರಿಕೊಂಡಿದ್ದಳು. ವರ್ಲೀನ್ ಏನು ಹೇಳಿದ್ದಳು? ಈಗ ಆ ಮಾತುಗಳು ಒಂದೊಂದೂ ನೆನಪಾದವು, ಒಂದನ್ನೂ ಮರೆಯಲು ಆಗಲಿಲ್ಲ. ಸೊಪ್ಪು ತಿನ್ನು. ಬೇಯಿಸಿದ ಕಟ್ಟನ್ನು ಚೆಲ್ಲಬೇಡ, ಲೋಟಕ್ಕೆ ಬಗ್ಗಿಸಿಕೊಂಡು ಕುಡಿ, ನಮ್ಮಜ್ಜಿ ಆ ಕಟ್ಟು ಕುಡಿಸಿ ಸತ್ತವರನ್ನು ಎಬ್ಬಿಸುತ್ತಿದ್ದಳು. ಮೇಲೆ ನನ್ನ ಪುಡಿ ಧಾರಾಳವಾಗಿ ಉದುರಿಸು. ಲುಟ್ರಿಶಾ ಶೀಶೆಯನ್ನು ಮೂಗಿಗೆ ಹಿಡಿದು, "ಏನೇನು ಹಾಕಿದೀಯ ಇದಕ್ಕೆ? ಹೇಳೇ, ಡಾಕ್ಟರು ಕೇಳಿದ್ರೆ ಹೇಳ್ಬೇಕಲ್ಲ" ಎಂದಳು. "ಕೇಳಿದ್ರೆ ಕೇಳ್ಲಿ, ಅದು ನನ್ನ ಜೊತೆ ಗುಂಡಿಗೆ ಹೋಗೋ ಗುಟ್ಟು" ಎಂದು ಇವಳು ಸೊಂಟದ ಮೇಲೆ ಕೈಯಿಟ್ಟು ನಕ್ಕಿದ್ದಳು. ಈ ಊರಿನಲ್ಲಿ ಕೈರುಚಿ ಇರುವ ಹೆಂಗಸು ತನ್ನ ಅಡುಗೆಯ ಲೆಕ್ಕ ಯಾರಿಗೂ ಕೊಡುವುದಿಲ್ಲ. ಸ್ವಂತ ಸೊಸೆ ಕೇಳಿದರೂ ಒಂದು ಸಾಮಾನು ಬಿಟ್ಟು ಹೇಳುತ್ತಾಳೆ. ವರ್ಲೀನಳ ತಾಯಿ ಗೆಣಸಿನ ಕಡುಬಿನ ಗುಟ್ಟನ್ನು ಸಾಯುವಾಗಲೂ ಬಿಟ್ಟುಕೊಡಲಿಲ್ಲ, ಮಗಳು ಅದನ್ನು ಹೆಮ್ಮೆಯಿಂದಲೇ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದಳು.

ತಾಯಿ. ಅವರ ಮನೆಯ ಹೆಂಗಸರಿಗೆ ಒಂದೇ ಸಲಕ್ಕೆ ಇಡಿಯಾಗಿ ಸಾಯುವ ಭಾಗ್ಯವಿರಲಿಲ್ಲ. ಮೊದಲು ಕಾಲಿನ ಹೆಬ್ಬೆರಳು ಕತ್ತರಿಸಿದರು, ಆಮೇಲೆ ಪಾದ, ಆಮೇಲೆ ಮೊಣಕಾಲಿನವರೆಗೆ. ಸಕ್ಕರೆ ಕಾಯಿಲೆ ಎನ್ನುವ ಬದಲು 'ಸಕ್ಕರೆ' ಎಂದಷ್ಟೇ ಹೇಳುತ್ತಿದ್ದರು, ಮನೆಗೆ ಬಂದುಹೋಗುವ ನೆಂಟನ ಹೆಸರಿನ ಹಾಗೆ. ತನಗೂ ಅದು ಬಂದಾಗ ಕ್ಲಿನಿಕ್ಕಿನ ಎಳೆಯ ಹುಡುಗಿಯೊಬ್ಬಳು, ಬಿಳಿ ಹುಡುಗಿ, ಕೈಗೊಂದು ಕಾಗದ ಕೊಟ್ಟು, "ನಿಮ್ಮ ಜನ ತಿನ್ನೋದೇ ಹಾಗಲ್ವಾ, ಅದನ್ನೆಲ್ಲ ಬಿಡ್ಬೇಕಾಗತ್ತೆ" ಎಂದಿದ್ದಳು. ಕಾಗದದ ಮೇಲೆ ವರ್ಲೀನ್ ಜನ್ಮದಲ್ಲಿ ಕಂಡಿರದ ಕಾಳು, ಕಂಡಿರದ ಮೊಸರು. ನಿಮ್ಮ ಜನ! ಇಪ್ಪತ್ತೆಂಟು ವರ್ಷ ಶಾಲೆಯ ಅಡುಗೆಮನೆಯಲ್ಲಿ ಸೌಟು ಹಿಡಿದವಳು ಅವಳು. ಆ ಕಾಗದವನ್ನು ಕಾರಿನಲ್ಲೇ ಹರಿದು, ಅಜ್ಜಿಯ ಹಿತ್ತಲನ್ನು ನೆನಪಿಸಿಕೊಂಡಳು. ಅಲಸಂದೆ, ಬೆಂಡೆ, ಗೆಣಸು, ಕೊಲಾರ್ಡ್ ಸೊಪ್ಪು. ಬಿಡಬೇಕಾದ್ದು ಏನಿದೆ ಇದರಲ್ಲಿ, ಹಂದಿಯ ಮೂಳೆಯೊಂದನ್ನು ಬಿಟ್ಟು? ಎರಡೇ ವರ್ಷದಲ್ಲಿ ಅವಳ ಸಕ್ಕರೆ ಇಳಿಯಿತು, ಸೂಜಿ ನಿಂತಿತು, ಚರ್ಚಿನ ನೆಲಮಾಳಿಗೆಯಲ್ಲಿ ಶನಿವಾರದ ತರಗತಿ ಶುರುವಾಯಿತು. ನಮ್ಮ ಕಪ್ಪು ಹೆಂಗಸರಿಗೆ ನಮ್ಮ ಅನ್ನವೇ ಔಷಧಿ ಎಂದು ಅವಳು ಎದೆ ತಟ್ಟಿ ಹೇಳುತ್ತಿದ್ದಳು, ಹೇಳಿದ್ದು ನಿಜವೂ ಆಗಿತ್ತು. ಒಬ್ಬಳ ಬಿಪಿ ಮಾತ್ರೆ ಅರ್ಧವಾಗಿತ್ತು, ಇನ್ನೊಬ್ಬಳ ಮಂಡಿ ನೋವು ಹೋಗಿತ್ತು. ಈಗ ಇದೇ ಬಾಯಿಂದ ಆಸ್ಪತ್ರೆಗೆ ಹೋಗಿ, ನಾನೇ ತಿನ್ನಿಸಿದ್ದು ಎಂದರೆ ಆ ಕಾಗದದ ಹುಡುಗಿ ಎಲ್ಲೋ ಕೂತು ನಗುತ್ತಾಳೆ. ಗೆಳತಿಯ ಜೀವ ತೂಗಾಡುತ್ತಿರುವಾಗ ತನಗೆ ಆ ಹುಡುಗಿಯ ನಗುವಿನ ಚಿಂತೆ ಎಂಬುದು ತಿಳಿದು ವರ್ಲೀನಳಿಗೆ ತನ್ನ ಮೇಲೆ ಅಸಹ್ಯವಾಯಿತು. ಅಸಹ್ಯವಾದರೂ ಕೈ ಮಾತ್ರ ಬೋಗುಣಿಯಲ್ಲಿ ಪುಡಿ ಕಲಸುತ್ತಲೇ ಇತ್ತು, ಹನ್ನೊಂದು ಶೀಶೆಗಳೂ ತುಂಬಿದವು, ಹನ್ನೊಂದು ಚೀಟಿಗಳೂ ಅಂಟಿದವು.

ತರಗತಿಯಲ್ಲಿ ಹೇಳಿಬಿಡುತ್ತೇನೆ ಎಂದು ದಾರಿಯುದ್ದಕ್ಕೂ ಅಂದುಕೊಂಡಳು. ಮೊದಲು ಪ್ರಾರ್ಥನೆ, ಆಮೇಲೆ ಹೇಳುವುದು. ಪ್ರಾರ್ಥನೆ ಮುಗಿಯಿತು. ಲುಟ್ರಿಶಾಳ ಹೆಸರು ಬಂದಾಗ ಎಲ್ಲರೂ ಕೈ ಹಿಡಿದುಕೊಂಡು ಅತ್ತರು, ಇವಳು ಎಲ್ಲರಿಗಿಂತ ಜೋರಾಗಿ ಅತ್ತಳು, ಅಳುತ್ತಲೇ ಇದೂ ಒಂದು ನಾಟಕ ಎಂದುಕೊಂಡಳು. ಇನ್ನೇನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಮದರ್ ಬಾಸ್ಕಿನ್ ಎದ್ದು ನಿಂತರು. ಎಂಬತ್ತನಾಲ್ಕು ವರ್ಷ, ಚರ್ಚಿನ ಹಿರಿಯ ತಾಯಿ, ಪಾದ್ರಿಯೂ ಅವರ ಮುಂದೆ ಕೂರಲು ಅಪ್ಪಣೆ ಕೇಳುತ್ತಾನೆ. ಬಿಳಿ ಟೋಪಿ ಸರಿಮಾಡಿಕೊಂಡು, ಚೀಲದಿಂದ ಲ್ಯಾಬಿನ ಕಾಗದ ತೆಗೆದು ಬಾವುಟದ ಹಾಗೆ ಮೇಲಕ್ಕೆ ಹಿಡಿದರು.

"ಆರೂವರೆ! ಮೂರು ತಿಂಗಳ ಸಕ್ಕರೆ ಲೆಕ್ಕ ಒಂಬತ್ತು ಇದ್ದಿದ್ದು ಆರೂವರೆ ಆಗಿದೆ. ನನ್ನ ಡಾಕ್ಟರು ಕನ್ನಡಕ ಎತ್ತಿ ಎತ್ತಿ ನೋಡ್ದ. ಏನ್ ತಿಂತೀರ ಮಿಸೆಸ್ ಬಾಸ್ಕಿನ್ ಅಂದ. ವರ್ಲೀನ್ ಟಿಬ್ಸ್ ಹಾಕಿದ್ದನ್ನ ತಿಂತೀನಪ್ಪ, ನಿಂಗೂ ಬೇಕಾ ಅಂದೆ."

ಹೆಂಗಸರು ಚಪ್ಪಾಳೆ ತಟ್ಟಿ ಕೂಗಿದರು. ಸಿಟಿ ಬಸ್ಸು ಓಡಿಸುವ ಗ್ಲೆನಿಸ್ ಸೊಪ್ಪಿನ ಪಾತ್ರೆಯ ಮುಚ್ಚಳ ಎತ್ತಿ ಮೂಗು ಚಾಚಿದಳು. "ಇನ್ನೂ ಪುಡಿ ಬಿದ್ದಿಲ್ಲ ಇದಕ್ಕೆ. ಏನ್ರೀ ಸಿಸ್ಟರ್ ಟಿಬ್ಸ್, ಇವತ್ತು ಮರೆತ್ರಾ? ಪುಡಿ ಇಲ್ದೆ ಇದನ್ನ ತಿನ್ನೋಕೆ ನಾನೇನು ಮೊಲಾನಾ?"

"ಇವತ್ತು ಇಲ್ದೆ ತಿಂದು ನೋಡೋಣ" ಎಂದಳು ವರ್ಲೀನ್.

"ಕೇಳಿದ್ರೇನ್ರೇ? ನಮ್ಮನ್ನ ಉಪವಾಸ ಕೆಡವಿ ತೆಳ್ಳಗೆ ಮಾಡೋ ಪ್ಲಾನು!" ಗ್ಲೆನಿಸ್ ಸುತ್ತ ನೋಡಿದಳು, ಎಲ್ಲರೂ ನಕ್ಕರು. "ಮೊದಲ ದಿನ ನೆನಪಿದೆಯಾ? ಈ ಪಾತ್ರೆಯೊಳಗೆ ಹಂದಿ ಬಚ್ಚಿಟ್ಟಿದೀರ ಅಂತ ನಾನು ಸೌಟು ಹಾಕಿ ಹುಡುಕಿದ್ದೆ."

ನೆನಪಿತ್ತು. ವರ್ಲೀನಳ ಬದುಕಿನಲ್ಲಿ ಅದಕ್ಕಿಂತ ಸಂತೋಷದ ದಿನ ಇರಲಿಲ್ಲ. ಗಂಡ ಬದುಕಿದ್ದಾಗಲೂ, ಮದುವೆಯ ದಿನವೂ ಇಷ್ಟು ಜನ ಅವಳನ್ನು ಹೀಗೆ ಬಾಯಿ ತೆರೆದು ನೋಡಿರಲಿಲ್ಲ. ಅದೇ ಮುಖಗಳು ಈಗಲೂ ನೋಡುತ್ತಿದ್ದವು, ಕೈಯಲ್ಲಿ ತಟ್ಟೆ ಹಿಡಿದುಕೊಂಡು, ನಂಬಿಕೊಂಡು. ತೊಂದರೆ ಕಿಡ್ನಿ ಕೆಟ್ಟವರಿಗೆ ತಾನೇ, ಇವರಿಗೆಲ್ಲ ಏನಾಗಿದೆ, ಗಟ್ಟಿಯಾಗಿದ್ದಾರೆ, ಒಂದು ದಿನದಲ್ಲಿ ಏನೂ ಆಗುವುದಿಲ್ಲ, ಮೊದಲು ಲುಟ್ರಿಶಾಳನ್ನು ನೋಡಿಕೊಂಡು ಬರೋಣ, ಮುಂದಿನ ಶನಿವಾರ ಸಮಾಧಾನವಾಗಿ ಹೇಳೋಣ, ಹೆದರಿಸುವುದು ಯಾಕೆ. ಹೀಗೆ ಒಂದರ ಹಿಂದೊಂದು ಸಮಜಾಯಿಷಿಗಳು ಬಂದವು, ಎಲ್ಲವೂ ಸರಿಯಾಗಿಯೇ ಕಂಡವು. ಅವಳ ಕೈ ಅಲ್ಲೇ ಇದ್ದ ಹಳೆಯ ಶೀಶೆಯ ಮುಚ್ಚಳ ತಿರುಗಿಸಿತು. ಮೊದಲು ಒಂದು ಚಿಟಿಕೆ. ಗ್ಲೆನಿಸ್, "ಅಯ್ಯೋ ಜಿಪುಣಿ" ಎಂದಳು. ಆಮೇಲೆ ಒಂದು ಹಿಡಿ. ಹಂದಿ ಮೂಳೆ ಹಾಕಿದಂಥದೇ ಹೊಗೆವಾಸನೆ ನೆಲಮಾಳಿಗೆ ತುಂಬ ಎದ್ದಿತು. ಗೊತ್ತಿದ್ದೂ ಹಾಕಿದೆ ಎಂದು ಅವಳು ಒಳಗೇ ಹೇಳಿಕೊಂಡಳು. ಎರಡು ವರ್ಷ ಹಾಕಿದ್ದು ಗೊತ್ತಿಲ್ಲದೆ, ಇವತ್ತು ಗೊತ್ತಿದ್ದು. ಎಲ್ಲರ ತಟ್ಟೆಗೂ ತಾನೇ ಬಡಿಸಿದಳು.

ಮಧ್ಯಾಹ್ನ ಹೊರಡುವಾಗ ಹನ್ನೊಂದು ಹೊಸ ಶೀಶೆಗಳೂ ಹನ್ನೊಂದು ಕೈಗಳಿಗೆ ಹೋದವು. ಮದರ್ ಬಾಸ್ಕಿನ್ ಎರಡು ಗಂಟೆಯ ಊಟಕ್ಕೆಂದು ಒಂದು ದೊಡ್ಡ ಡಬ್ಬಿ ತುಂಬ ಸೊಪ್ಪು, ಅದು ಮುಳುಗುವಷ್ಟು ಕಟ್ಟು ಹಾಕಿಸಿಕೊಂಡರು. ಉಳಿದವರು ಲುಟ್ರಿಶಾಳಿಗೆ ಇನ್ನೊಂದು ಡಬ್ಬಿ ಕಟ್ಟಿದರು. ಆಸ್ಪತ್ರೆಯ ಊಟ ರಟ್ಟು ತಿಂದ ಹಾಗಿರುತ್ತದೆ, ಇದನ್ನು ಕುಡಿಸಿ, ಎದ್ದು ಕೂರುತ್ತಾಳೆ ಎಂದು ವರ್ಲೀನಳ ಕೈಗೆ ಬಿಸಿ ಬಿಸಿಯಾಗಿ ಇಟ್ಟರು. ಅವಳು ಅದನ್ನು ಪಕ್ಕದ ಸೀಟಿನಲ್ಲಿಟ್ಟು ಬೆಲ್ಟು ಹಾಕಿದಳು, ಚೆಲ್ಲದಿರಲಿ ಎಂದು. ಎರಡು ಬೀದಿ ದಾಟಿದ ಮೇಲೆ ತಾನು ಮಾಡಿದ್ದೇನು ಎಂಬುದು ಹೊಳೆದು ಕಾರು ನಿಲ್ಲಿಸಿ, ಡಬ್ಬಿಯನ್ನು ಚರಂಡಿಗೆ ಬಗ್ಗಿಸಿದಳು. ಹಸಿರು ನೀರು ಹಬೆಯಾಡುತ್ತ ಹರಿಯಿತು. ಎದುರು ಮನೆಯ ಜಗುಲಿಯಲ್ಲಿ ಕೂತಿದ್ದ ಮುದುಕನೊಬ್ಬ, "ಅಯ್ಯೋ ತಾಯಿ, ಅಂಥ ಸೊಪ್ಪು ಚೆಲ್ತಾರೇನಮ್ಮ? ನಂಗಾದ್ರೂ ಕೊಡ್ಬಾರ್ದಿತ್ತಾ?" ಎಂದು ಕೂಗಿದ. ಅವಳು ಮುಖ ತಿರುಗಿಸಿಕೊಂಡು ಕಾರು ಹತ್ತಿದಳು.

ಆಸ್ಪತ್ರೆಯ ಕಾರಿಡಾರಿನಲ್ಲಿ ರೋಶೆಲ್ ಗೋಡೆಗೆ ಒರಗಿ ನಿಂತಿದ್ದಳು. ಎರಡು ರಾತ್ರಿ ನಿದ್ದೆಯಿಲ್ಲದ ಮುಖ. ವರ್ಲೀನಳನ್ನು ತಬ್ಬಿಕೊಂಡು, ತಬ್ಬಿಕೊಂಡೇ ಮಾತಾಡಿದಳು.

"ನಿನ್ನೆ ರಾತ್ರಿ ಇಳೀತು ಆಂಟಿ. ಇವತ್ತು ಬೆಳಿಗ್ಗೆ ಮತ್ತೆ ಏರಿದೆ. ಇಲ್ಲೇ ಮಲಗಿದಾಳೆ, ಅವರು ಕೊಟ್ಟಿದ್ದೇ ತಿಂತಿದಾಳೆ, ಹೇಗೆ ಏರತ್ತೆ? ಸಂಜೆಯೊಳಗೆ ಇಳೀದಿದ್ರೆ ಕುತ್ತಿಗೆಗೆ ಪೈಪು ಹಾಕಿ ಡಯಾಲಿಸಿಸ್ ಶುರು ಮಾಡ್ತಾರಂತೆ. ಅಮ್ಮ ಆಗಲ್ಲ ಅಂತಾಳೆ. ದೊಡ್ಡಮ್ಮನ ಹಾಗೆ ಬಿಟ್ಬಿಡಿ ನನ್ನ ಅಂತಾಳೆ."

"ಡಾಕ್ಟರು ಏನಂತಾರೆ?"

"ಕದ್ದು ಏನೋ ತಿಂತಿದಾರೆ ಅಂತಾರೆ. ಅಮ್ಮ ಆಣೆ ಇಟ್ಟು ಹೇಳ್ತಾಳೆ, ಸೊಪ್ಪು ಕಾಳು ಬಿಟ್ಟು ಏನೂ ಮುಟ್ಟಿಲ್ಲ ಅಂತ. ನಂಗೆ ತಲೆ ಕೆಟ್ಟು..." ರೋಶೆಲ್ ಬಿಕ್ಕಿದಳು. "ಸುಳ್ಳು ಹೇಳ್ತೀಯ ಅಂದ್ಬಿಟ್ಟೆ ಆಂಟಿ. ಆ ಡಾಕ್ಟರ ಎದುರಿಗೇ. ನೀನು ಮೊದಲಿಂದ್ಲೂ ಕದ್ದು ತಿನ್ನೋಳೇ ಅಂದೆ. ಆ ಮನುಷ್ಯ ತಲೆ ಅಲ್ಲಾಡಿಸ್ದ. ಅಮ್ಮ ನನ್ನ ಮುಖ ನೋಡ್ತಿಲ್ಲ. ನೀವಾದ್ರೂ ಕೇಳಿ, ನಿಮ್ಮ ಹತ್ರ ಸುಳ್ಳು ಹೇಳಲ್ಲ."

ಹೌದು, ನನ್ನ ಹತ್ತಿರ ಅವಳು ಸುಳ್ಳು ಹೇಳಲಾರಳು ಎಂದುಕೊಂಡು ವರ್ಲೀನ್ ಒಳಗೆ ಹೋದಳು. ಕಾರಿಡಾರಿನಲ್ಲೇ ಹೇಳಬಹುದಿತ್ತು, ರೋಶೆಲ್ ಬಿಕ್ಕಿದಾಗಲೇ ಹೇಳಬಹುದಿತ್ತು, ಹೇಳಲಿಲ್ಲ. ಲುಟ್ರಿಶಾ ದಿಂಬಿಗೆ ಒರಗಿ ಕೂತಿದ್ದಳು. ಯಾವಾಗಲೂ ಇಸ್ತ್ರಿ ಮಾಡಿದ ಹಾಗಿರುತ್ತಿದ್ದ ಅವಳ ಕೂದಲು ಒಂದು ಬದಿಗೆ ಎದ್ದು ನಿಂತಿತ್ತು. ಊರಿನ ಅರ್ಧ ಹೆಂಗಸರ ತಲೆ ಬಾಚಿದವಳಿಗೆ ಈಗ ಒಂದು ಬಾಚಣಿಗೆ ಕೊಡುವವರಿಲ್ಲ ಎಂದು ವರ್ಲೀನಳಿಗೆ ಅನ್ನಿಸಿತು. ಮಾನಿಟರಿನ ಹಸಿರು ಗೆರೆ ಏರುತ್ತ ಇಳಿಯುತ್ತ ಸಾಗಿತ್ತು. ಅದು ಯಾವ ಕ್ಷಣದಲ್ಲಿ ನೆಟ್ಟಗಾದೀತೋ ಎಂದು ಅವಳು ಕಣ್ಣು ಕೀಳದೆ ನೋಡಿದಳು.

"ಬಂದ್ಯಾ? ಬಾಗಿಲು ಹಾಕು. ಆ ನರ್ಸು ಹುಡುಗಿ ಬರ್ತಾಳೆ" ಎಂದಳು ಲುಟ್ರಿಶಾ, ಪಿಸುದನಿಯಲ್ಲಿ. ಎದುರಿನ ತಟ್ಟೆಯಲ್ಲಿ ಬಿಳಿ ಅನ್ನ, ಬೇಯಿಸಿದ ಬೀನ್ಸು ತಣ್ಣಗಾಗಿದ್ದವು. ದಿಂಬಿನ ಕೆಳಗಿನಿಂದ ಕೈಚೀಲ ಎಳೆದು, ಅದರೊಳಗಿಂದ ಶೀಶೆ ತೆಗೆದಳು. ದುಂಡು ಅಕ್ಷರದ ಚೀಟಿ. "ಇವರ ಊಟ ನಾಯೀನೂ ಮೂಸಲ್ಲ ಕಣೆ. ಇದೊಂದು ಇದ್ದಿದ್ದಕ್ಕೆ ಉಳ್ಕೊಂಡಿದೀನಿ. ಕದ್ದು ತಿಂತೀಯ ಅಂದ್ಲು ನನ್ನ ಮಗಳು. ಏನ್ ಕದಿಯೋಕಿದೆ ನಂಗೆ? ಏಳು ತಿಂಗಳಿಂದ ಒಂದು ಚೂರು ಮಾಂಸ ಮುಟ್ಟಿಲ್ಲ ನಾನು, ನಿಂಗೊತ್ತಲ್ಲ, ನೀನೇ ಹೇಳು ಅವಳಿಗೆ." ಹೇಳುತ್ತ ಹೇಳುತ್ತಲೇ ಶೀಶೆಯನ್ನು ಅನ್ನದ ಮೇಲೆ ಬಗ್ಗಿಸಿ ತಟ್ಟಿದಳು, ಧಾರಾಳವಾಗಿ, ವರ್ಲೀನ್ ಹೇಳಿಕೊಟ್ಟಿದ್ದ ಹಾಗೆಯೇ.

ವರ್ಲೀನ್ ಅವಳ ಮಣಿಕಟ್ಟು ಹಿಡಿದಳು. ಸೂಜಿ ಚುಚ್ಚಿದ್ದ ಕೈ ಅದು. ಲುಟ್ರಿಶಾ ನೋವಿನಿಂದ ಕೂಗಿದಳು, ತಟ್ಟೆ ಜಾರಿ ನೆಲಕ್ಕೆ ಬಿತ್ತು.

"ಹುಚ್ಚು ಹಿಡೀತೇನೇ ನಿಂಗೆ?"

"ತಿನ್ಬೇಡ. ಅದೇ ಕಣೆ. ಅದೇ ಏರಿಸ್ತಿರೋದು. ಅದ್ರಲ್ಲಿ ಅರ್ಧಕ್ಕಿಂತ ಹೆಚ್ಚು ಪೊಟ್ಯಾಸಿಯಮ್ಮೇ ಇರೋದು. ನಂಗೆ ಬೆಳಿಗ್ಗೆನೇ ಗೊತ್ತಾಯ್ತು. ಬೆಳಿಗ್ಗೆ ಏಳೂವರೆಗೆ." ಇಷ್ಟು ಸಲೀಸಾಗಿ ಬಂತಲ್ಲ ಈ ಮಾತು ಎಂದು ಅವಳಿಗೇ ಆಶ್ಚರ್ಯವಾಯಿತು. ಬಾಗಿಲಲ್ಲಿ ರೋಶೆಲ್ ನಿಂತಿದ್ದಳು, ಅವಳ ಹಿಂದೆ ನರ್ಸು, ಜಡೆಗಳನ್ನು ಎತ್ತಿ ಕಟ್ಟಿದ ಕಪ್ಪು ಹುಡುಗಿ. ಸದ್ದು ಕೇಳಿ ಓಡಿ ಬಂದಿದ್ದರು. ಯಾರೂ ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು. ರೋಶೆಲ್ ಶೀಶೆಯನ್ನು ನೋಡಿದಳು, ಅಮ್ಮನನ್ನು ನೋಡಿದಳು, ಮಂಚದ ಹತ್ತಿರ ಬಂದು ತಾಯಿಯ ಎದ್ದು ನಿಂತ ಕೂದಲಿನ ಮೇಲೆ ಕೈಯಿಟ್ಟಳು. ಲುಟ್ರಿಶಾ ಆ ಕೈಯನ್ನು ತಳ್ಳಲಿಲ್ಲ. ವರ್ಲೀನಳ ಕಡೆ ಮಾತ್ರ ಅವಳು ನೋಡಲಿಲ್ಲ.

ನರ್ಸು ಶೀಶೆಯನ್ನು ತೆಗೆದುಕೊಂಡು ಬೆಳಕಿಗೆ ಹಿಡಿದು, "ಏನೇನು, ಎಷ್ಟೆಷ್ಟು, ಬರೆದುಕೊಡಿ" ಎಂದು ಕಾಗದ ಚಾಚಿದಳು. ವರ್ಲೀನ್ ಬರೆದಳು. ಯಾರಿಗೂ ಹೇಳಿರದ, ಗೆಳತಿಗೂ ಹೇಳಿರದ ಲೆಕ್ಕವನ್ನು ಒಂದೂ ಬಿಡದೆ ಬರೆದಳು. ಐದೇ ಸಾಲು. ಇಷ್ಟೇನಾ ಎಂದು ಅವಳಿಗೆ ನಾಚಿಕೆಯಾಯಿತು. ಕಟ್ಟು ಕುಡಿಸಿದ್ದನ್ನೂ ಹೇಳಿದಳು.

"ಸೊಪ್ಪು ತಿನ್ಬಹುದು ಅಮ್ಮ, ಬೇಯಿಸಿ ಬಸಿದು ಸ್ವಲ್ಪ ಸ್ವಲ್ಪ" ಎಂದಳು ನರ್ಸು, ನಿಧಾನವಾಗಿ. "ನಮ್ಮಜ್ಜೀನೂ ಕಟ್ಟು ಕುಡಿಸ್ತಿದ್ಲು. ಇಂಥ ಕಿಡ್ನಿಗೆ ಕಟ್ಟು ಆಗಲ್ಲ, ಈ ಪುಡಿಯಂತೂ ಆಗಲೇಬಾರ್ದು. ಹೇಳಿದ್ದು ಒಳ್ಳೇದಾಯ್ತು. ಡಾಕ್ಟರಿಗೆ ಹೇಳ್ತೀನಿ, ಔಷಧೀಲೇ ಇಳೀಬಹುದೇನೋ ನೋಡೋಣ." ಬಾಗಿಲವರೆಗೆ ಹೋಗಿ ತಿರುಗಿ ನಿಂತಳು. "ಇದನ್ನ ಬೇರೆ ಯಾರಿಗಾದ್ರೂ ಕೊಟ್ಟಿದೀರಾ? ವಯಸ್ಸಾದವರು? ಬಿಪಿ ಮಾತ್ರೆ ತಗೊಳ್ಳೋರು? ಅವರ ಕಿಡ್ನಿ ಹೇಗಿದೆಯೋ ಅವರಿಗೇ ಗೊತ್ತಿರಲ್ಲ ಎಷ್ಟೋ ಸಲ."

ವರ್ಲೀನ್ ಕುರ್ಚಿಯ ಬೆನ್ನು ಹಿಡಿದುಕೊಂಡಳು. ಇವತ್ತು ಶೀಶೆ ಹಂಚಿದ ಕೈ, ಹಿಡಿ ತುಂಬ ಉದುರಿಸಿದ ಕೈ. ಗಟ್ಟಿಯಾಗಿದ್ದಾರೆ ಎಂದು ಯಾರನ್ನು ಕೇಳಿ ತೀರ್ಮಾನಿಸಿದ್ದಳು? ಹನ್ನೊಂದು ಜನ, ಹನ್ನೊಂದು ಮನೆ, ಆ ಮನೆಗಳ ಅಕ್ಕತಂಗಿಯರು, ಅತ್ತೆಯರು. ಎಲ್ಲರೂ ಬಿಪಿ ಮಾತ್ರೆಯವರೇ.

ಮಂಚದಿಂದ ಲುಟ್ರಿಶಾಳ ದನಿ ಬಂತು. ಇನ್ನೂ ಗೋಡೆಯ ಕಡೆಗೇ ಮುಖ. "ನಿಂತ್ಕೊಂಡು ಏನ್ ನೋಡ್ತೀಯ? ಫೋನ್ ತೆಗಿ. ಮೊದ್ಲು ಮದರ್‌ಗೆ ಮಾಡು."

ಗೋಡೆಯ ಗಡಿಯಾರದಲ್ಲಿ ಎರಡು ಗಂಟೆ ಐದು ನಿಮಿಷ. ಬೆರಳುಗಳು ತಪ್ಪು ಸಂಖ್ಯೆ ಒತ್ತಿದವು, ಮತ್ತೆ ಒತ್ತಿದಳು. ಫೋನು ಆರು ಸಲ ಬಡಿದುಕೊಂಡಿತು. ಏಳನೆಯ ಸಲಕ್ಕೆ ಮದರ್ ಬಾಸ್ಕಿನ್ ಎತ್ತಿದರು, ಬಾಯಲ್ಲಿ ತುತ್ತಿತ್ತು.

"ಯಾರು? ಟಿಬ್ಸಾ? ಊಟದ ಹೊತ್ತಲ್ಲಿ ಯಾರೇ ಫೋನ್ ಮಾಡ್ತಾರೆ? ನಿನ್ನ ಸೊಪ್ಪೇ ತಿಂತಿದೀನಿ. ಕಟ್ಟು ಸ್ವಲ್ಪ ಸಪ್ಪೆ ಅನ್ನಿಸ್ತು, ಹೊಸ ಶೀಶೆ ತೆಗ್ದು ಎರಡು ಚಮಚ ಹಾಕ್ಕೊಂಡೆ ನೋಡು, ಈಗ ಅಮೃತ."

"ಮದರ್, ಚಮಚ ಕೆಳಗಿಡಿ."

ಆ ಕಡೆ ಅಗಿಯುವುದು ನಿಂತಿತು. ಐವತ್ತು ವರ್ಷದಲ್ಲಿ ಆ ಚರ್ಚಿನಲ್ಲಿ ಯಾರೂ ಅವರಿಗೆ ಹೀಗೆ ಹೇಳಿರಲಿಲ್ಲ. "ಏನಂದೆ? ಯಾವಾಗಿಂದ ನೀನು ನಂಗೆ ಹೇಳೋಳಾದೆ?"

"ನಿಮ್ಮ ಕಾಲು ಹಿಡೀತೀನಿ ಮದರ್. ನಾನು ಗೊತ್ತಿದ್ದೂ ಹಾಕಿದೆ. ಬಾಯಲ್ಲಿರೋದನ್ನ ಉಗೀರಿ, ಎದೆ ಹೇಗಿದೆ ಹೇಳಿ, ಮೊದ್ಲು ಆ ಚಮಚ ಕೆಳಗಿಡಿ."